ಸುಣ್ಣದ ಗೋಡೆಯ ಮೇಲಿನ ಬಿಸಿಲು

ಆ ಅಜ್ಜಿ ನಮ್ಮ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದಾಗ ನಾನು ಪಾಸ್‌ಪೋರ್ಟ್ ಅಳತೆಯ ಫೋಟೊಗಳನ್ನು ಕತ್ತರಿಸುತ್ತ ಕೂತಿದ್ದೆ. ಅವರ ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕವಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಕೊಡುವಂಥದ್ದು, ಪಕ್ಕದಿಂದಲೂ ಬೆಳಕು ನುಗ್ಗದಂತೆ ಕಿವಿಯವರೆಗೆ ಮುಚ್ಚುವಂಥದ್ದು. ಜೊತೆಗೆ ಹಿರಿಯ ಸೊಸೆ ಇದ್ದರು. ರಾಮನಗರದ ರೇಷ್ಮೆ ಮಾರುಕಟ್ಟೆಗೆ ಗೂಡು ತಂದವರು ಹರಾಜು ಮುಗಿಯುವವರೆಗೆ ಬೀದಿ ದಾಟಿ ನಮ್ಮಲ್ಲಿಗೆ ಬಂದು ಗೋಡೆಯ ಮೇಲಿನ ಮದುವೆ ಫೋಟೊಗಳನ್ನು ನೋಡಿಕೊಂಡು ಹೋಗುವುದು ವಾಡಿಕೆ. ಇವರೂ ಹಾಗೇ ಬಂದವರು ಅಂದುಕೊಂಡೆ.

"ನಮ್ಮನೆ ತಾವ್ಕೆ ಬಂದು ಪೋಟ ತೆಗೀತೀಯ, ಮಗ?" ಎಂದು ಅಜ್ಜಿ ಕೇಳಿದರು.

"ಏನು ಕಾರ್ಯ ಅಜ್ಜಿ? ಮದುವೆಯಾ, ನಾಮಕರಣವಾ?"

"ಏನೂ ಇಲ್ಲ ಕಣವ್ವ. ಮನೆ ಬುಟ್ಟು ಓಯ್ತಾ ಇದೀವಿ. ಓಗಕ್ಕೆ ಮುಂಚೆ ಒಂದ್ಸಲ ಎಲ್ಲಾರೂ ಮನೆ ಮುಂದೆ ಇದ್ದಂಗೆ ತೆಗೀಬೇಕು."

ಬೈರಮಂಗಲದ ಕೆರೆಯಿಂದ ಒಸಿ ದೂರದ ಊರು ಅವರದು. ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ಊರಿನ ಒಂದು ಅಂಚಿನ ಹೊಲಗಳು, ಹಿಪ್ಪುನೇರಳೆ ತೋಟಗಳು, ಅವುಗಳ ಮಧ್ಯೆ ಇದ್ದ ನಾಲ್ಕಾರು ಮನೆಗಳು ಕೈಗಾರಿಕೆಗೆಂದು ಹೋಗಿದ್ದವು. ಅಜ್ಜಿಯ ಮನೆ ಅವುಗಳಲ್ಲೊಂದು. ಹಿರಿಯ ಮಗ ಹೆಂಡತಿಯ ತವರಾದ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಗೆ ಹೊರಟಿದ್ದ. ಕಿರಿಯ ಮಗ ಮಾಗಡಿಯಲ್ಲಿ ನಿವೇಶನ ನೋಡಿಕೊಂಡಿದ್ದ.

ಅಜ್ಜಿ ಗೋಡೆಯ ಫೋಟೊಗಳನ್ನು ನೋಡುತ್ತಿದ್ದಾಗ ಸೊಸೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿದರು. "ಅಣ್ಣ ತಮ್ಮ ಮಾತಾಡಕಿಲ್ಲ ಕಣಕ್ಕ. ಜಮೀನು ಬುಡಕ್ಕೆ ನಮ್ ಮೈದ್ನ ಮೊದ್ಲೇ ಸಹಿ ಆಕ್ಬುಟ್ರು. ನಮ್ಮನೆಯೋರು ಕೊನೇ ತಂಕ ಆಕ್ದೆ ಕೂತಿದ್ರು. ಆವತ್ತಿಂದ ಒಂದೇ ಮನೇಲಿ ಎರಡು ಒಲೆ. ಇಬ್ರನ್ನೂ ಒಂದೇ ಪೋಟದಲ್ಲಿ ನೋಡಬೇಕು ಅಂತ ನಮ್ಮತ್ತೆ ಆಸೆ."

ಅಜ್ಜಿಗೆ ಕೇಳಿಸಿತೋ ಏನೋ, ತಿರುಗಿ ಹೇಳಿದರು: "ಸಾಲಾಗಿ ನಿಲ್ಸಬ್ಯಾಡ ಮಗ. ಸತ್ತೋರ ಪಟದಂಗೆ ಆಯ್ತದೆ. ಅವ್ರವ್ರ ಪಾಡಿಗೆ ಅವ್ರು ಓಡಾಡ್ತಾ ಇರ್ಲಿ, ನಿನ್ ಪಾಡಿಗೆ ನೀನು ತೆಗಿ."

ಕೇಳಲು ಸುಲಭ. ಸ್ಟುಡಿಯೋದವರಿಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ಒಳಗೆ ಬೆಳಕು ನಾವು ಹೇಳಿದ ಕಡೆ ನಿಲ್ಲುತ್ತದೆ, ಜನವೂ ನಾವು ಹೇಳಿದ ಕಡೆ ಗಲ್ಲ ತಿರುಗಿಸುತ್ತಾರೆ. ಹೊರಗೆ ಎರಡೂ ನಮ್ಮ ಮಾತು ಕೇಳುವುದಿಲ್ಲ.

ಜಾಗ ನೋಡಿಕೊಂಡು ಬರಲು ನಾನು ಒಮ್ಮೆ ಮೊದಲೇ ಹೋದೆ. ಹೆಂಚಿನ ಮನೆ, ಪಡುವಣಕ್ಕೆ ಬಾಗಿಲು, ವರ್ಷ ವರ್ಷ ಸುಣ್ಣ ಬಳಿದು ಬಳಿದು ದಪ್ಪವಾಗಿದ್ದ ಮುಂಗೋಡೆ. ಅಂಗಳದ ಒಂದು ಮಗ್ಗುಲಿಗೆ ದೊಡ್ಡ ಹುಣಸೆಮರ. ಅದರ ನೆರಳು ಅಂಗಳದ ಅರ್ಧವನ್ನು ಮುಚ್ಚಿತ್ತು. ಅದನ್ನು ನೋಡಿಯೇ ನನಗೆ ಸಮಾಧಾನವಾಯಿತು. ಮರದ ನೆರಳಿನ ಅಂಚಿನಲ್ಲಿ, ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆ ಬೀಳದ ಕಡೆ ಜನ ಓಡಾಡಿದರೆ ಸಾಕು, ಎದುರಿನ ಬಯಲಿಂದ ಬರುವ ಮೆತ್ತನೆಯ ಬೆಳಕು ಮುಖಗಳನ್ನು ತಾನೇ ತುಂಬುತ್ತದೆ. ಮನೆಯನ್ನು ಸಂಜೆ ತೆಗೆಯುವುದು ಎಂದು ಲೆಕ್ಕ ಹಾಕಿದೆ. ಪಡುವಣದ ಮನೆ, ಇಳಿಬಿಸಿಲು ನೇರ ಗೋಡೆಗೆ ಬೀಳುತ್ತದೆ. ಒಂದೊಂದು ಹೆಂಚಿನ ಅಂಚೂ ಎದ್ದು ಕಾಣುವ ಹೊತ್ತು ಅದು.

ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾವನ್ನೇ ಒಯ್ಯುವುದೆಂದು ತೀರ್ಮಾನಿಸಿದೆ. ಮನೆ ಖಾಲಿ ಮಾಡಿದ ಮೇಲೆ ಅವರು ಒಂದೆರಡು ದಿನ ಊರಿನ ನೆಂಟರಲ್ಲಿ ಇರುತ್ತಾರಂತೆ, ಅಲ್ಲಿಂದ ಚದುರುವ ಮುಂಚೆ ಪ್ರತಿಗಳನ್ನು ಕೊಡಬೇಕಿತ್ತು. ಫಿಲ್ಮ್ ಆದರೆ ತೊಳೆಸಿ ಅಚ್ಚು ಹಾಕಿಸುವಷ್ಟರಲ್ಲಿ ತಡವಾಗುತ್ತದೆ. ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾ ಕಪಾಟಿನಲ್ಲೇ ಉಳಿಯಿತು.

ಗೊತ್ತುಪಡಿಸಿದ ದಿನ ಬಿಡದಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋದೆ. ಮನೆಯ ತಿರುವಿನಲ್ಲೇ ಏನೋ ತಪ್ಪಿದೆ ಅನ್ನಿಸಿತು. ಆಕಾಶ ಮೊದಲು ನೋಡಿದ್ದಕ್ಕಿಂತ ದೊಡ್ಡದಾಗಿತ್ತು. ಅಂಗಳಕ್ಕೆ ಬಂದಾಗ ತಿಳಿಯಿತು. ಹುಣಸೆಮರ ಇರಲಿಲ್ಲ. ನೆಲಮಟ್ಟದ ಮೋಟು, ಸುತ್ತ ಕೆಂಪು ಮರದ ಹೊಟ್ಟು, ಗಾಳಿಗೆ ಅಲ್ಲಲ್ಲಿ ಹಾರುತ್ತಿದ್ದ ಸಣ್ಣ ಎಲೆಗಳು.

"ಮರ ಕೊಂಡೋರು ನೆನ್ನೇನೇ ಬಂದ್ಬುಟ್ರಕ್ಕ," ಎಂದ ಹಿರಿಯ ಮಗ. ಐವತ್ತು ದಾಟಿದ ಮನುಷ್ಯ, ತಲೆಗೆ ಟವೆಲ್ ಸುತ್ತಿದ್ದ. "ನಾನು ನಾಳಿದ್ದು ಬನ್ನಿ ಅಂದಿದ್ದೆ. ಲಾರಿ ಸಿಕ್ತು ಅಂತ ಬಂದು ಕುಯ್ದೇಬುಟ್ರು."

ಮನೆಯ ಸುತ್ತ ಒಂದು ಗಿಡವೂ ಉಳಿದಿರಲಿಲ್ಲ. ಹಿಪ್ಪುನೇರಳೆ ತೋಟವನ್ನು ಆಗಲೇ ಯಂತ್ರ ತಂದು ಮಟ್ಟ ಮಾಡಿದ್ದರು. ಅಂಗಳ, ಬಯಲು, ಹೊಸದಾಗಿ ಜಲ್ಲಿ ಸುರಿದ ರಸ್ತೆ, ಎಲ್ಲದರ ಮೇಲೂ ಒಂದೇ ಸಮ ಬಿಸಿಲು. ಶಿವರಾತ್ರಿ ಕಳೆದು ಚಳಿ ಪೂರ್ತಿ ಹೋಗಿದ್ದ ದಿನಗಳು. ಮನೆಯ ಹಿಂದಿನಿಂದ ಏರಿದ್ದ ಸೂರ್ಯ ಆಗಲೇ ನೆತ್ತಿಯ ಹತ್ತಿರ ಬರುತ್ತಿದ್ದ. ಮುಂಗೋಡೆ ಮಾತ್ರ ಇನ್ನೂ ನೆರಳಿನಲ್ಲಿತ್ತು. ಮಂಕಾಗಿ, ಬೂದಿ ಬಣ್ಣಕ್ಕೆ ಕಾಣುತ್ತಿತ್ತು. ಇದನ್ನು ಈಗ ತೆಗೆದರೆ ಚೆನ್ನಾಗಿ ಬರುವುದಿಲ್ಲ, ಸಂಜೆ ಇದ್ದೇ ಇದೆ ಎಂದುಕೊಂಡು ಬೆನ್ನು ತಿರುಗಿಸಿದೆ.

ನೆತ್ತಿಯ ಬಿಸಿಲು ಮುಖಕ್ಕೆ ಮಾಡುವ ಅನ್ಯಾಯವನ್ನು ಫೋಟೊದಲ್ಲಿ ನೋಡಿದವರೇ ಬಲ್ಲರು. ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ, ಮೂಗಿನ ನೆರಳು ಮೇಲ್ದುಟಿಗೆ ಮೀಸೆಯಂತೆ ಇಳಿದಿರುತ್ತದೆ, ಹಣೆ ಮತ್ತು ಬಿಳಿ ಬಟ್ಟೆ ಕಣ್ಣು ಚುಚ್ಚುವಷ್ಟು ಬೆಳ್ಳಗೆ. ನಮ್ಮ ಕಣ್ಣು ಎದುರಿಗಿರುವವರ ನೆರಳನ್ನೂ ಬೆಳಕನ್ನೂ ಹೊಂದಿಸಿಕೊಂಡು ನೋಡಿಬಿಡುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ.

ಸೂರ್ಯನನ್ನು ಜನರ ಬೆನ್ನಿಗೆ ಹಾಕುವುದು ನಾನು ಮಾಡಿದ ಮೊದಲ ಕೆಲಸ. ಸೊಸೆಯರಿಬ್ಬರೂ ಹಿತ್ತಲಿನಿಂದ ಮನೆಯ ಮಗ್ಗುಲು ಬಳಸಿ ಚಂದ್ರಿಕೆಗಳನ್ನು ತಂದು ಅಂಗಳದಲ್ಲಿ ಒಟ್ಟುತ್ತಿದ್ದರು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಅಗಲವಾದ ತಟ್ಟೆಗಳು ಅವು. ಅವರು ನೆರಳು ತಮ್ಮ ಮುಂದೆ ಬೀಳುವಂತೆ ನಡೆಯುವಾಗ ಮಾತ್ರ ನಾನು ಒತ್ತುತ್ತಿದ್ದೆ. ತಲೆಗೂದಲಿನ ಅಂಚು ಬೆಳ್ಳಿಯ ಗೆರೆಯಂತೆ ಹೊಳೆಯುತ್ತಿತ್ತು, ಮುಖ ಒಂದೇ ಹದದ ನೆರಳಿನಲ್ಲಿ ಇರುತ್ತಿತ್ತು. ಹತ್ತಿರ ಬಂದರೆ ಸಣ್ಣಗೆ ಫ್ಲ್ಯಾಶ್ ಸೇರಿಸಿ ಕಣ್ಣಿನ ಗುಳಿ ತುಂಬಿದೆ. ಹಟ್ಟಹಗಲಲ್ಲಿ ಫ್ಲ್ಯಾಶ್ ಹೊಡೆದದ್ದು ನೋಡಿ ಕಿರಿಯ ಸೊಸೆ ನಕ್ಕರು: "ಇಷ್ಟ್ ಬಿಸ್ಲು ಸಾಲ್ದೇನಕ್ಕ ನಿಮ್ಗೆ?" ಆ ನಗುವೂ ಬಂತು.

ಅಜ್ಜಿಯನ್ನು ಬಿಸಿಲಿಗೆ ತರುವಂತಿರಲಿಲ್ಲ. ಹೊಸ್ತಿಲ ಒಳಗೆ ಕೂರಿಸಿ, ಅವರ ಮುಂದೆ ಅಂಗಳದ ನೆಲದ ಮೇಲೆ ಬಿಳಿ ದುಪ್ಪಟಿ ಹಾಸಿದೆ. ಬಟ್ಟೆಗೆ ಬಿದ್ದ ಬಿಸಿಲು ಪುಟಿದು ಅವರ ಗಲ್ಲದ ಕೆಳಗಿನಿಂದ ಮೇಲಕ್ಕೆ ಹಬ್ಬಿತು. "ಒಂದೇ ಒಂದು ಕ್ಷಣ ಕನ್ನಡಕ ತೆಗೀರಿ ಅಜ್ಜಿ, ಕಣ್ಣು ಮುಚ್ಚಿಕೊಂಡಿರಿ, ನಾನು ಹೇಳಿದಾಗ ಬಿಡಿ," ಎಂದೆ. ಬಿಸಿಲಿನಲ್ಲಿ ಕಣ್ಣು ಕಿರಿದಾಗದಂತೆ ತೆಗೆಯಲು ಅದೊಂದು ಉಪಾಯ. ಕಣ್ಣು ಬಿಟ್ಟ ಮರುಗಳಿಗೆ ಇನ್ನೂ ಬೆಳಕು ಚುಚ್ಚಿರುವುದಿಲ್ಲ. ಅವರು ಬಿಟ್ಟರು. ಮುಖವಷ್ಟೇ, ಹಿಂದೆ ಮನೆಯೊಳಗಿನ ಕತ್ತಲೆ. ಇಡೀ ದಿನದ ಒಳ್ಳೆಯ ಫೋಟೊ ಅದು ಎಂದು ಆಗಲೇ ಗೊತ್ತಾಯಿತು.

"ನನ್ದು ಬುಡು," ಎಂದರು ಅಜ್ಜಿ ಮತ್ತೆ ಕನ್ನಡಕ ಏರಿಸಿಕೊಳ್ಳುತ್ತ. "ಅವ್ರಿಬ್ರುದು ಸಿಕ್ತಾ?"

ಸಿಕ್ಕಿರಲಿಲ್ಲ. ಅಣ್ಣ ಹಿತ್ತಲಿನಲ್ಲಿದ್ದರೆ ತಮ್ಮ ಅಂಗಳದಲ್ಲಿ. ತಮ್ಮ ಒಳಗೆ ಹೋದರೆ ಅಣ್ಣ ಹೊರಗೆ. ಒಂದೇ ಮನೆಯ ಎರಡು ಬಾಗಿಲುಗಳನ್ನು ಇಷ್ಟು ಅಭ್ಯಾಸವಾಗಿ ಹಂಚಿಕೊಂಡವರನ್ನು ನಾನು ನೋಡಿರಲಿಲ್ಲ. ಕೊನೆಗೆ ಅಜ್ಜಿಯ ಮಾತು ಮೀರಿ ನಾನೇ ಎಲ್ಲರನ್ನೂ ಕರೆದು ನಿಲ್ಲಿಸಲು ನೋಡಿದೆ. ತಲೆಗಳ ಮೇಲೆ ನೆರಳಾಗಲೆಂದು ಸೊಸೆಯರು ಎರಡು ಚಂದ್ರಿಕೆ ಎತ್ತಿ ಹಿಡಿದರು. ಬಿದಿರಿನ ಸಂದುಗಳಿಂದ ಬಿಸಿಲು ಸೋರಿ ಎಲ್ಲರ ಮುಖದ ಮೇಲೂ ಬಲೆ ಬಿದ್ದಂತಾಯಿತು. ಒಂದು ಸಲ ಒತ್ತಿ, ಚಂದ್ರಿಕೆಗಳನ್ನು ತೆಗೆಸಿದೆ. ತಮ್ಮ ಸಾಲಿನ ಈ ತುದಿ, ಅಣ್ಣ ಆ ತುದಿ.

"ಒಸಿ ಹತ್ತಿರ ಬನ್ನಿ," ಎಂದೆ.

ಅಣ್ಣ ರಸ್ತೆಯ ಕಡೆ ಮುಖ ತಿರುಗಿಸಿದ. ತಮ್ಮ, ನಲವತ್ತರ ಆಸುಪಾಸಿನವನು, ಸಾಲಿನಿಂದಲೇ ಹೊರಗೆ ಬಂದ. "ಟ್ರಾಕ್ಟ್ರು ಕಾಯ್ತಾ ಐತೆ ಮೇಡಮ್. ಸಾಮಾನು ಏರ್ಬೇಕು," ಎಂದು ಹೋದ. ಅಜ್ಜಿ ಹೊಸ್ತಿಲಿನಿಂದ ಎಲ್ಲ ನೋಡುತ್ತಿದ್ದರು. ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣು ಹೇಗಿತ್ತೋ ನನಗೆ ಕಾಣಲಿಲ್ಲ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಆ ಮನೆಯಲ್ಲಿ ಬೆಂದ ಕೊನೆಯ ಅಡುಗೆ. ಎರಡು ಒಲೆಯದೂ ಅಂದು ಒಂದೇ ಪಾತ್ರೆಗೆ ಬಂದಿತ್ತು, ಏಕೆಂದರೆ ಉಳಿದ ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ಅಣ್ಣ ಉಂಡು ಎದ್ದ ಮೇಲೆ ತಮ್ಮ ಕೂತ.

ಊಟವಾಗಿ ನಾನು ಅಂಗಳದ ಆಚೆ, ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದೆ. ಸೂರ್ಯ ಪಡುವಣಕ್ಕೆ ವಾಲಿದ್ದ, ನನ್ನ ಬೆನ್ನಿಗಿದ್ದ. ಬೆಳಿಗ್ಗೆ ಮಂಕಾಗಿದ್ದ ಮುಂಗೋಡೆಗೆ ಈಗ ಬಿಸಿಲು ಬಡಿದು ದಿಟ್ಟಿಸಿ ನೋಡಲಾಗದಷ್ಟು ಹೊಳೆಯುತ್ತಿತ್ತು. ಆಗ ಹಿತ್ತಲಿನ ಕಡೆಯಿಂದ ಕಲ್ಲು ಉರುಳುವ ಸದ್ದು ಬಂತು. ಅಣ್ಣ ಒರಳುಕಲ್ಲನ್ನು ಉರುಳಿಸಿಕೊಂಡು ಬರುತ್ತಿದ್ದ. ಅಜ್ಜಿ ಮದುವೆಯಾಗಿ ಬರುವ ಮುಂಚೆಯೇ ಆ ಮನೆಯಲ್ಲಿದ್ದ ಕಲ್ಲಂತೆ. ಟ್ರಾಕ್ಟರಿನ ಹಿಂದೆ ಹಲಗೆ ಇಟ್ಟಿದ್ದರು. ಹಲಗೆಯ ಬುಡದವರೆಗೆ ಬಂದ ಕಲ್ಲು ಅಲ್ಲಿಂದ ಮೇಲೇಳಲಿಲ್ಲ. ಟ್ರಾಕ್ಟರಿನವನು ನಡು ಹಿಡಿದಿದೆ ಎಂದು ಕೂತಲ್ಲೇ ಕೂತ. ಅಣ್ಣ ಒಮ್ಮೆ ನೂಕಿದ, ಎರಡನೇ ಸಲ ಮೊಣಕಾಲು ಕೊಟ್ಟ. ಕಲ್ಲು ಅಲುಗಾಡಿ ಮತ್ತೆ ಕೂತಿತು.

ತಮ್ಮ ಜಗಲಿಯ ಹತ್ತಿರ ನಿಂತು ನೋಡುತ್ತಿದ್ದ. ಆಮೇಲೆ ಬೀಡಿ ಎಸೆದು ಬಂದು ಇನ್ನೊಂದು ಮಗ್ಗುಲಿಗೆ ಬಾಗಿದ.

ನಾನು ಎದ್ದು ನಿಂತೆ. ಕ್ಯಾಮೆರಾ ಕಣ್ಣಿಗೆ ಹಿಡಿದೆ. ಇಬ್ಬರ ಹಿಂದೆ ನೇರವಾಗಿ ಮನೆ ಇತ್ತು, ಬಾಗಿಲು, ಗೋಡೆ, ಹೆಂಚು, ಎಲ್ಲ. ಆದರೆ ಇಬ್ಬರೂ ಬಾಗಿದ್ದರು. ತಲೆಯ ಟವೆಲಿನ ನೆರಳು ಇಬ್ಬರ ಮುಖವನ್ನೂ ನುಂಗಿತ್ತು. ಬೆಳಿಗ್ಗೆಯಿಂದ ಬಿಸಿಲಿಗೆ ಹೊಂದಿಸಿದ್ದ ಅಳತೆಯಲ್ಲೇ ಒತ್ತಿದರೆ ಮನೆ ಚಿತ್ರದಂತೆ ಬರುತ್ತಿತ್ತು, ಅದರ ಮುಂದೆ ಎರಡು ಕಪ್ಪು ಮುಖಗಳು. ಫ್ಲ್ಯಾಶ್ ಅಷ್ಟು ದೂರಕ್ಕೆ ಆ ಬಿಸಿಲಿನಲ್ಲಿ ಮುಟ್ಟುವುದಿಲ್ಲ. ಹತ್ತಿರ ಹೋಗಿ ಹೊಡೆದರೆ ಇಬ್ಬರಿಗೂ ನಾನಿರುವುದು ನೆನಪಾಗುತ್ತದೆ. ನೆನಪಾದರೆ ತಮ್ಮ ಕಲ್ಲು ಬಿಟ್ಟು ಹೋಗುತ್ತಾನೆ.

"ಆ ಕಡೆಯಿಂದ ಇಡ್ಕಳ್ಳಾ," ಎಂದ ಅಣ್ಣ. ಎಷ್ಟೋ ತಿಂಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು ಎಂದು ಸೊಸೆ ಆಮೇಲೆ ಹೇಳಿದರು.

"ಇಡ್ಕಂಡಿವ್ನಿ. ನೀನು ಎತ್ತು."

"ಕೈ ಬೆಳ್ಳು ಉಸಾರು ಕಣ್ಲಾ."

ನಾನು ಆರಿಸಿಕೊಳ್ಳಬೇಕಿತ್ತು. ಶಟರಿನ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿದ್ದದ್ದನ್ನು ಇನ್ನೂರರ ಒಂದಕ್ಕೆ ಇಳಿಸಿದೆ. ನೆರಳಿನಲ್ಲಿರುವ ಮುಖಕ್ಕೆ ಅಷ್ಟು ಬೆಳಕು ಬೇಕೇ ಬೇಕಿತ್ತು. ಗೋಡೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಎಷ್ಟು ಆಗುತ್ತದೆ ಎಂಬುದು ಗೊತ್ತಿರಲಿಲ್ಲ.

ಕಲ್ಲು ಹಲಗೆಯ ಅರ್ಧಕ್ಕೆ ಏರಿ, ಜಾರಿ, ಇಬ್ಬರ ಕಾಲ ನಡುವೆ ದೊಪ್ಪನೆ ಬಿತ್ತು. ಇಬ್ಬರೂ ಹಿಂದಕ್ಕೆ ಹಾರಿ, ಒಬ್ಬರನ್ನೊಬ್ಬರು ನೋಡಿದರು. ಮೊದಲು ತಮ್ಮನಿಗೆ ನಗು ಬಂತು. ಆಮೇಲೆ ಅಣ್ಣನಿಗೂ. ದೊಡ್ಡ ನಗುವೇನಲ್ಲ. ಮನೆಯ ಹಳೆಯ ಕಲ್ಲು ಇಬ್ಬರನ್ನೂ ಸೋಲಿಸಿತಲ್ಲ ಎಂಬಷ್ಟು ಮಾತ್ರ. ನಾನು ಒತ್ತಿದೆ. ಇನ್ನೊಮ್ಮೆ ಒತ್ತುವಷ್ಟರಲ್ಲಿ ಇಬ್ಬರೂ ಮತ್ತೆ ಬಾಗಿದ್ದರು. ಕಲ್ಲು ಏರಿತು. ತಮ್ಮ ಕೈ ಕೊಡವಿಕೊಂಡು ಜಗಲಿಗೆ ಹೋದ, ಅಣ್ಣ ಹಿತ್ತಲಿಗೆ.

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅದರೊಳಗೆ ಕ್ಯಾಮೆರಾ ಇಟ್ಟು ಪರದೆ ನೋಡಿದೆ. ಆ ಬಿಸಿಲಿನಲ್ಲಿ ಬೇರೆ ದಾರಿಯಿರಲಿಲ್ಲ. ಮುಖಗಳು ಇದ್ದವು, ಇಬ್ಬರದೂ, ನಗುವಿನ ಸಮೇತ. ಹಿಂದೆ ಏನೋ ಬೆಳ್ಳಗೆ. ಆ ಪುಟ್ಟ ಪರದೆಯಲ್ಲಿ, ಸೆರಗಿನ ಕೆಳಗೆ, ಅದಕ್ಕಿಂತ ಹೆಚ್ಚು ತಿಳಿಯುವಂತಿರಲಿಲ್ಲ. ಅಜ್ಜಿಗೆ ಹೋಗಿ ಹೇಳಿದೆ: "ಸಿಕ್ಕರು ಅಜ್ಜಿ."

ಅವರು ನನ್ನ ಕೈ ಹಿಡಿದು ಕೂತರು. ಬಹಳ ಹೊತ್ತು ಬಿಡಲಿಲ್ಲ.

ನನ್ನ ಮನಸ್ಸಿನಲ್ಲಿ ಸಂಜೆಯ ಬೆಳಕಿತ್ತು. ಗೋಡೆ ಆ ಫೋಟೊದಲ್ಲಿ ಕೆಟ್ಟಿದ್ದರೂ ಚಿಂತೆಯಿಲ್ಲ, ಇನ್ನೊಂದು ಘಳಿಗೆ ಕಳೆದರೆ ಮನೆಯನ್ನು ಮನೆಯಾಗಿಯೇ ತೆಗೆಯುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಮನೆಯ ಮೇಲಿನಿಂದ ಹೆಂಚು ಸರಿಯುವ ಸದ್ದು ಕೇಳಿತು. ಟ್ರಾಕ್ಟರ್ ಬಂದಿರುವಾಗಲೇ ಹೆಂಚನ್ನೂ ಏರಿಸಿಬಿಡೋಣ ಎಂದು ಅಣ್ಣ ಆಳುಗಳನ್ನು ಹತ್ತಿಸಿದ್ದ. ಅದರಲ್ಲಿ ತಪ್ಪೇನಿತ್ತು? ಬಿಟ್ಟು ಹೋಗುವ ಮನೆಯ ಹೆಂಚು ಎಲ್ಲರೂ ಇಳಿಸುತ್ತಾರೆ. ಅವರು ಸಾಲು ಸಾಲಾಗಿ ಬಿಚ್ಚಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇಳಿಬಿಸಿಲು ನಾನು ಬಯಸಿದ ಹಾಗೆಯೇ ಬಂದಾಗ ಮಾಡಿನ ಅರ್ಧ ಬರೀ ರೀಪು, ತೊಲೆ. ಗೋಡೆಯ ಮೇಲೆ ಕಂದು ಮಸಿಯ ಗೆರೆಗಳು ಇಳಿದಿದ್ದವು. ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಅಂಗಳದಲ್ಲಿ ಮಲಗಿಸಿದ್ದರು. ಅದನ್ನು ಕೀಳುವಾಗ ಎರಡೂ ಮಗ್ಗುಲಿನ ಗೋಡೆಯೂ ಒಂದಷ್ಟು ಕುಸಿದಿತ್ತು.

ಆದರೂ ನಾನು ಕ್ಯಾಮೆರಾ ಎತ್ತಿದೆ. ಅಜ್ಜಿ ನನ್ನ ಮೊಣಕೈ ಹಿಡಿದರು.

"ಬ್ಯಾಡ ಮಗ. ಇಂಗಿರೋದ್ನ ತೆಗೀಬ್ಯಾಡ."

"ಆಮೇಲೆ ಇರಲ್ಲ ಅಜ್ಜಿ."

"ಇರ್ದಿದ್ರೆ ಬ್ಯಾಡ. ಬಟ್ಟೆ ಬಿಚ್ಚಿ ನಿಲ್ಸಿದಂಗೆ ಐತೆ. ಬ್ಯಾಡ."

ನಾನು ಕೆಳಗಿಳಿಸಿದೆ. ಬಿಡದಿಗೆ ಹೋಗುವ ಟ್ರಾಕ್ಟರಿನಲ್ಲೇ, ಚಂದ್ರಿಕೆಗಳ ಪಕ್ಕ ಕೂತು ವಾಪಸು ಬಂದೆ.

ಫೋಟೊ ಅಚ್ಚು ಹಾಕಿಸಲು ನಾನು ಹೋಗುತ್ತಿದ್ದ ಲ್ಯಾಬಿನವರು ನಮ್ಮ ಅಪ್ಪನ ಕಾಲದಿಂದ ಪರಿಚಯದ ಸಾಬರು. ಮೊದಲು ಅವರ ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವವರು, ಇವರೊಬ್ಬರು ಈ ಕಡೆ ಬಂದಿದ್ದರು. ಪರದೆಯ ಮೇಲೆ ಆ ಫೋಟೊವನ್ನು ದೊಡ್ಡದು ಮಾಡಿದಾಗ ಇಬ್ಬರೂ ಅದಕ್ಕೆ ಬಗ್ಗಿದೆವು. ಎರಡು ಮುಖ, ಒಂದು ಕಲ್ಲು, ಟ್ರಾಕ್ಟರಿನ ಹಿಂಬದಿ. ಮುಖಗಳ ಹಿಂದೆ ಮೇಲಿನಿಂದ ಕೆಳಗಿನವರೆಗೆ ಬಿಳಿ. ಆಕಾಶ ಎಲ್ಲಿ ಮುಗಿದು ಮಾಡು ಎಲ್ಲಿ ಶುರುವಾಯಿತು ಎಂಬ ಗೆರೆ ಕೂಡ ಮಾಸಿತ್ತು.

"ಸ್ವಲ್ಪ ಇಳಿಸಿ ನೋಡಿ," ಎಂದೆ.

ಅವರು ಇಳಿಸಿದರು. ಬಿಳಿ ಹೋಗಿ ಬೂದಿಯಾಯಿತು. ಇನ್ನೂ ಇಳಿಸಿದರು. ಬೂದಿ ಗಾಢವಾಯಿತು. ಒಂದು ಬಿರುಕು, ಒಂದು ಅಂಚು, ಏನೂ ಮೂಡಲಿಲ್ಲ.

"ಇದರಲ್ಲಿ ಮಾಲೇ ಇಲ್ಲಮ್ಮ," ಎಂದರು. "ಫಿಲ್ಮಾದ್ರೆ ಒಳಗಡೆ ಎಲ್ಲೋ ಒಸಿ ಉಳ್ಕೊಂಡಿರ್ತಿತ್ತು, ಎಳ್ದು ತೆಗೀಬೋದಿತ್ತು. ಇದ್ರಲ್ಲಿ ಬೆಳಕು ತುಂಬೋಯ್ತು ಅಂದ್ರೆ ಖಾಲಿ ಇದ್ದಂಗೇನೇ." ಆಮೇಲೆ ನನ್ನ ಮುಖ ನೋಡಿ, "ಆದ್ರೂ ಮುಖ ಚೆನ್ನಾಗಿ ತೆಗ್ದಿದೀರ. ಇದು ಸಿಗೋದು ಕಷ್ಟ," ಎಂದು ಸೇರಿಸಿದರು.

ನನಗೆ ಕಪಾಟಿನ ಕ್ಯಾಮೆರಾ ಕಣ್ಣ ಮುಂದೆ ಬಂತು.

ಊರು ಬಿಡುವ ಮುಂಚೆ ಕೊಡಬೇಕೆಂಬ ಆತುರವೂ ವ್ಯರ್ಥವಾಯಿತು. ನಾನು ಪ್ರತಿಗಳನ್ನು ಹಿಡಿದು ಹೊರಡುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಕನಕಪುರದಲ್ಲಿ ಬಸ್ಸು ಬದಲಿಸಿ ಕೋಡಿಹಳ್ಳಿಗೆ ಹೋದೆ. ಹಿರಿಯ ಮಗ ಬಾಡಿಗೆಗೆ ಹಿಡಿದಿದ್ದ ಮನೆಯ ಜಗಲಿಯಲ್ಲಿ ಅಜ್ಜಿ ಕೂತಿದ್ದರು. ಕಪ್ಪು ಕನ್ನಡಕ ಹೋಗಿತ್ತು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ ಎಂದು ದೂರದ ಗುಡ್ಡದ ಮೇಲೆ ಮೇಯುತ್ತಿದ್ದ ಹಸುಗಳನ್ನು ನನಗೇ ತೋರಿಸಿದರು.

ಫೋಟೊಗಳನ್ನು ಒಂದೊಂದಾಗಿ ನೋಡಿದರು. ತಮ್ಮದೇ ಮುಖವನ್ನು ಬೇಗ ದಾಟಿದರು. ಮಕ್ಕಳಿಬ್ಬರದು ಬಂದಾಗ ಕೈ ನಿಂತಿತು.

"ನಗ್ತಾವ್ನೆ," ಎಂದರು. "ನೋಡು, ಇವ್ನೂ ನಗ್ತಾವ್ನೆ."

ಹಿರಿಯ ಮಗ ಬಂದು ತಾಯಿಯ ಹೆಗಲ ಮೇಲಿಂದ ಬಗ್ಗಿ ನೋಡಿದ. ಹೋಗಿ ಹಸುವಿಗೆ ಹುಲ್ಲು ಹಾಕಿದ. ಮತ್ತೆ ಬಂದು ನೋಡಿದ.

"ಮನೆ ಎಲ್ಲಕ್ಕ?"

ನಾನು ವಿವರಿಸಿದೆ. ನೆರಳಿಗೆ ಬೇಕಾದ ಬೆಳಕು ಬೇರೆ, ಬಿಸಿಲಿಗೆ ಬೇಕಾದ ಬೆಳಕು ಬೇರೆ, ಆ ಹೊತ್ತಿನಲ್ಲಿ ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಲು ಆ ಕ್ಯಾಮೆರಾಕ್ಕೆ ಶಕ್ತಿಯಿರಲಿಲ್ಲ ಎಂದೆಲ್ಲ. ಅವನು ಗಮನವಿಟ್ಟು ಕೇಳಿದ.

"ಅಂದ್ರೆ ಬಿಸ್ಲು ಜಾಸ್ತಿಯಾಗಿ ಮನೆ ಓಯ್ತು ಅಂತೀರ."

"ಹೂಂ."

"ಓಗ್ಲಿ ಬುಡ್ಲಾ," ಎಂದರು ಅಜ್ಜಿ. "ಮನೆ ಎಂಗಿತ್ತು ಅಂತ ನಮ್ಗೆ ಗೊತ್ತಿಲ್ವ? ಅದ್ಕೆ ಪೋಟ ಯಾಕೆ." ಫೋಟೊವನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡರು. ಕಿರಿಯ ಮಗನ ಪ್ರತಿಯನ್ನು ತಾವೇ ಮಾಗಡಿಗೆ ಒಯ್ಯುವುದಾಗಿ ಹೇಳಿದರು.

ಆ ಮಾತಿನಿಂದ ನನ್ನ ಮನಸ್ಸು ಹಗುರವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಇವತ್ತು ಅದೇ ಅಂಗಳದಲ್ಲಿ ನಿಂತರೂ ಚಕ್ರವನ್ನು ಅದೇ ಕಡೆಗೆ ತಿರುಗಿಸುತ್ತೇನೆ. ಆ ನಗುವಿಗೆ ಎರಡನೇ ಅವಕಾಶ ಇರಲಿಲ್ಲ. ಆದರೆ ಬೆಳಿಗ್ಗೆ ಆ ಮಂಕು ಗೋಡೆಯ ಎದುರು ನಿಂತಿದ್ದೆನಲ್ಲ, ಬೆಳಕು ಚೆನ್ನಾಗಿಲ್ಲ ಎಂದು ಬೆನ್ನು ತಿರುಗಿಸಿದೆನಲ್ಲ, ಅದು ಮಾತ್ರ ಹೋಗುವುದಿಲ್ಲ. ಒಂದು ಸಾಧಾರಣ ಫೋಟೊ. ಮದುವೆ ಆಲ್ಬಮ್ಮಿಗೆ ಹಾಕಲು ನಾಚಿಕೆಪಡುವಂಥದ್ದು. ಅಷ್ಟಾದರೂ ಇರುತ್ತಿತ್ತು.

ಒಂದು ಮಳೆಗಾಲ ಕಳೆದ ಮೇಲೆ ಅಜ್ಜಿ ಮತ್ತೆ ನಮ್ಮ ಸ್ಟುಡಿಯೋಗೆ ಬಂದರು. ಕೋಡಿಹಳ್ಳಿಯಿಂದ ಮಾಗಡಿಗೆ ಹೊರಟವರು, ರಾಮನಗರದಲ್ಲಿ ಬಸ್ಸು ಬದಲಿಸುವ ಮಧ್ಯೆ ಬಂದಿದ್ದರು. ಒಬ್ಬರೇ. ಚೀಲದಿಂದ ಅದೇ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಮೂಲೆಗಳು ಆಗಲೇ ಮೆತ್ತಗಾಗಿದ್ದವು.

"ಚಿಕ್ಕೋನು ಮನೆ ಕಟ್ಟಿಸ್ತಾವ್ನೆ ಕಣ್ಮಗ," ಎಂದರು. "ಗೋಡೆ ಎದ್ದವೆ. ಬಾಗ್ಲ ಪಕ್ಕ ದೀಪದ ಗೂಡು ಬುಡ್ಬೇಕು, ನಮ್ ಹಳೇ ಮನೇಲಿ ಇತ್ತಲ್ಲ ಅಂಗೇಯ. ಓದ್ಸಲ ನಾನು ಮಾಗಡೀಲಿ ಇದ್ದಾಗ ಗಾರೆಯೋನು ಯಾವ್ ಕಡೀಕೆ ಅಂತ ಕೇಳ್ದ. ಇವ್ನು ಬಲಕ್ಕೆ ಅಂದ. ನಂಗೆ ಅನ್ಮಾನ ಬಂದು ದೊಡ್ಡೋನ್ಗೆ ಪೋನ್ ಮಾಡು ಅಂದೆ. ಅವ್ನು ಎಡಕ್ಕೆ ಅಂತಾನೆ."

"ಇಬ್ಬರೂ ಮಾತಾಡಿದರಾ?"

"ಮಾತೇನು, ಜಗಳ. ಪೋನ್ನಲ್ಲೇ. ನೀನ್ ಎಲ್ಲಿದ್ದೆ ಆ ಮನೇಲಿ ಅಂತ ಇವ್ನು, ನಿನಗಿಂತ ಮುಂಚೆ ಉಟ್ದೋನು ನಾನು ಅಂತ ಅವ್ನು." ಅಜ್ಜಿಯ ಮುಖದಲ್ಲಿ ಒಂದು ಸಣ್ಣ ಖುಷಿ ಬಂದು ಹೋಯಿತು. ಆಮೇಲೆ ಫೋಟೊದ ಬಿಳಿಯ ಮೇಲೆ ಬೆರಳಿಟ್ಟರು. "ಇದ್ರಲ್ಲಿ ಒಸಿ ಏನಾದ್ರೂ ಕಾಣ್ತದಾ, ನಿನ್ ಮಿಸನ್ನಲ್ಲಿ ಆಕಿ ನೋಡು."

ಆಗುವುದಿಲ್ಲವೆಂದು ಗೊತ್ತಿದ್ದರೂ ಅವರ ಎದುರೇ ಕಂಪ್ಯೂಟರ್ ಹಚ್ಚಿದೆ. ಆ ದಿನದ ಎಲ್ಲ ಫೋಟೊಗಳನ್ನೂ ಒಂದೊಂದಾಗಿ ತೆರೆದೆವು. ಚಂದ್ರಿಕೆ ಹೊತ್ತ ಸೊಸೆಯರ ಹಿಂದೆ ಕಂಡದ್ದು ಪಕ್ಕದ ಗೋಡೆ. ಚಂದ್ರಿಕೆಯ ಬಲೆ ಬಿದ್ದ ಸಾಲು ಫೋಟೊದಲ್ಲಿ ಹಿಂದಿದ್ದದ್ದು ಬಯಲು, ಏಕೆಂದರೆ ಮನೆಯ ಮೇಲಿನಿಂದ ಬಿಸಿಲು ಕ್ಯಾಮೆರಾದ ಕಣ್ಣಿಗೆ ಹೊಡೆಯುತ್ತದೆಂದು ನಾನೇ ಅವರನ್ನು ಬಯಲಿಗೆ ಬೆನ್ನು ಮಾಡಿ ನಿಲ್ಲಿಸಿದ್ದೆ. ಅಜ್ಜಿಯ ಮುಖದ ಹಿಂದೆ ಕತ್ತಲೆ.

"ನಿಮಗೆ ನೆನಪಿಲ್ವಾ ಅಜ್ಜಿ? ದಿನಾ ದೀಪ ಇಟ್ಟವರು ನೀವೇ ಅಲ್ವಾ?"

"ಅದೇ ನಂಗೂ ಸೋಜಿಗ," ಎಂದರು. "ಇವ್ರಿಬ್ರೂ ಕಿತ್ತಾಡೋ ತಂಕ ಗ್ಯಾನ ಇತ್ತು. ಇವ್ನು ಬಲಕ್ಕೆ ಅಂದಾಗ ಬಲಕ್ಕೆ ಕಾಣ್ತದೆ. ಅವ್ನು ಎಡಕ್ಕೆ ಅಂದಾಗ ಎಡಕ್ಕೆ." ನನ್ನ ಕಡೆ ತಿರುಗಿದರು. "ನೀನು ನೋಡಿದ್ದೆಯಲ್ಲ ಮಗ. ಆವತ್ತೆಲ್ಲ ಮನೆ ಮುಂದೇನೇ ನಿಂತಿದ್ದೆ. ಎರಡು ಸಲ ಬಂದಿದ್ದೆ. ನಿನ್ ಕಣ್ಣು ಚೆನ್ನಾಗೈತೆ. ಯೋಳು, ಯಾವ ಕಡೆ ಇತ್ತು?"

ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಗೋಡೆ ಬಂತು. ಬೆಳಿಗ್ಗೆ ಅದು ಎಷ್ಟು ಮಂಕಾಗಿತ್ತು, ಮಧ್ಯಾಹ್ನ ಎಷ್ಟು ಹೊಳೆಯಿತು, ನೆರಳಿಗೂ ಬಿಸಿಲಿಗೂ ಎಷ್ಟು ಅಂತರವಿತ್ತು, ಸೂರ್ಯ ಎಲ್ಲಿ ನಿಂತಿದ್ದ, ಎಲ್ಲವನ್ನೂ ಈಗಲೂ ಹೇಳಬಲ್ಲೆ. ಗೂಡು ಬರಲಿಲ್ಲ. ಅಲ್ಲೊಂದು ಗೂಡು ಇತ್ತೆಂಬುದನ್ನೇ ನಾನು ಕಂಡಿರಲಿಲ್ಲ.

"ಗೊತ್ತಿಲ್ಲ ಅಜ್ಜಿ."

ಅವರು ತಲೆಯಾಡಿಸಿದರು, ಬೇಸರವಿಲ್ಲದೆ. ಎದ್ದು ನಿಂತರು. ನಮ್ಮ ಸ್ಟುಡಿಯೋದ ಬಾಗಿಲ ಕಡೆ ಮುಖ ಮಾಡಿ, ಎಣ್ಣೆ ತುಂಬಿದ ಹಣತೆ ಹಿಡಿದವರಂತೆ ಅಂಗೈ ಬಟ್ಟಲು ಮಾಡಿಕೊಂಡು ಎರಡು ಹೆಜ್ಜೆ ನಡೆದರು. ಕೈ ಬಲಕ್ಕೆ ಎದ್ದಿತು, ಅರ್ಧದಲ್ಲಿ ನಿಂತಿತು. ಹಿಂದಕ್ಕೆ ಬಂದು ಮತ್ತೆ ನಡೆದರು. ಈ ಸಲ ಕೈ ಎಡಕ್ಕೆ ಹೋಯಿತು.

"ಎರಡೂ ಸರಿ ಅನ್ನಿಸ್ತದೆ," ಎಂದರು.

"ಎರಡೂ ಕಡೆ ಬಿಡಿಸಿಬಿಡಿ ಅಜ್ಜಿ," ಎಂದೆ ನಾನು.

ಅಜ್ಜಿ ಫೋಟೊವನ್ನು ಚೀಲದೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲ ಮೇಲೆ ನಿಂತು ಹೇಳಿದರು:

"ಎರಡು ಯಾಕ್ ಮಗ. ಇದ್ದದ್ದು ಒಂದೇ."